ಬೀಜಕ್ಕೆ ಬಿಟ್ಟ ಹೂ

ಪತ್ತನಾಜೆ ಕಳೆಯಿತೆಂದರೆ ನಮ್ಮ ಕಡೆಯ ಹೆಂಗಸರ ಮಾತಿನಲ್ಲಿ ಬೀಜದ ಸುದ್ದಿ ಶುರುವಾಗುತ್ತದೆ. ತುಳುವರ ಬೇಷ ತಿಂಗಳ ಹತ್ತನೆಯ ದಿನ, ಮೇ 24ರ ಸುಮಾರಿಗೆ, ಕೋಲ ನೇಮಗಳು ನಿಲ್ಲುತ್ತವೆ. ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದೆ ಮಾತೆಲ್ಲ ಮಳೆಯದು, ಮಣ್ಣಿನದು. ಕಾಪು ಪೇಟೆಯಲ್ಲಿ ತರಕಾರಿ ಆರಿಸುತ್ತ ನಿಂತವರು, ಉಡುಪಿಯ ಬಸ್ಸಿಗೆ ಕಾಯುವವರು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತವರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. “ಅಕ್ಕ, ನಿಮ್ಮಲ್ಲಿ ಮುಳ್ಳುಸೌತೆ ಬೀಜ ಉಂಟಾ?” “ಹೋದ ವರ್ಷ ನಿಮ್ಮ ಅಂಗಳದಲ್ಲಿ ನೇರಳೆ ಗೌರಿಹೂ ಇತ್ತಲ್ಲ, ಅದರದ್ದು ಒಂದು ಚಿಟಿಕೆ ಬೀಜ ಇದ್ರೆ ಕೊಡಿ ಮಾರಾಯ್ರೆ.”

ನನಗೆ ಈ ಎರಡನೆಯ ಪ್ರಶ್ನೆ ಕಿವಿಗೆ ಬಿದ್ದರೆ ಸಂತೋಷವಾಗುತ್ತದೆ. ತರಕಾರಿಯ ಬೀಜ ಹೊಟ್ಟೆಗಾಗಿ. ಯಾರಾದರೂ ನೆನಪಿಟ್ಟು ಕೇಳಿಯೇ ಕೇಳುತ್ತಾರೆ. ಹೂವಿನ ಬೀಜವನ್ನು ಕೇಳುವವರು ಹೋದ ಸೋಣ ತಿಂಗಳಲ್ಲಿ ನಮ್ಮ ಮನೆಯ ಮುಂದೆ ಹಾದುಹೋಗುವಾಗ ಒಂದು ಕ್ಷಣ ನಿಂತು ನೋಡಿದ್ದಾರೆ, ಆ ಬಣ್ಣವನ್ನು ಒಂಬತ್ತು ತಿಂಗಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ ಎಂದು ಅರ್ಥ.

ಘಟ್ಟದ ಮೇಲೆ ಕೆಲವು ಕಡೆ ಅಗ್ನಿಶಿಖೆಯ ಹೂವನ್ನು ಗೌರಿಹೂ ಎನ್ನುವುದುಂಟು. ನಾನು ಹೇಳುತ್ತಿರುವುದು ಕರ್ಣಕುಂಡಲವೆಂದೂ ಕರೆಸಿಕೊಳ್ಳುವ ಗಿಡದ ಬಗ್ಗೆ. ನರ್ಸರಿಯವರು ಇದನ್ನು ಬಾಲ್ಸಮ್ ಎನ್ನುತ್ತಾರೆ. ನೀರು ತುಂಬಿಕೊಂಡ ದಪ್ಪ ದಂಟು, ಅಂಚಿಗೆ ಗರಗಸದ ಹಲ್ಲಿರುವ ಉದ್ದನೆಯ ಎಲೆ, ಎಲೆಯ ಬುಡಬುಡದಲ್ಲೂ ಒಂದೆರಡು ಹೂ. ಹೂವಿನ ಹಿಂದೆ ಬಾಗಿದ ಸಣ್ಣ ಕೊಂಬು, ಅದರ ತುದಿಯಲ್ಲಿ ಜೇನು. ಬಿಳಿ, ತೆಳು ಗುಲಾಬಿ, ಕೆಂಪು, ನೇರಳೆ ಬಣ್ಣಗಳು. ಹುಟ್ಟುವುದು ಮೊದಲ ಮಳೆಗೆ, ಒಣಗುವುದು ಮಳೆ ಹಿಂದೆಗೆಯುವಾಗ. ನೆಲದಡಿಯಲ್ಲಿ ಗೆಡ್ಡೆಯಿಲ್ಲ, ವರ್ಷವಿಡೀ ಉಳಿಯುವ ಬೇರಿಲ್ಲ. ಮುಂದಿನ ಮಳೆಗಾಲಕ್ಕೂ ಅದು ಅಂಗಳದಲ್ಲಿ ಬೇಕೆಂದರೆ ಈ ಮಳೆಗಾಲದಲ್ಲಿ ಯಾರೋ ಅದರ ಬೀಜವನ್ನು ಕಾದಿರಬೇಕು.

ನಮ್ಮ ಮನೆಯಲ್ಲಿ ಕಾಯುತ್ತಿದ್ದವರು ಅಜ್ಜಿ. ಬೆಳಿಗ್ಗೆ ಮಿಂದು ಬಂದು ದೇವರಿಗೆ ಹೂ ಕೊಯ್ಯುವಾಗ ಅವರ ಕೈ ಎಲ್ಲ ಗಿಡಗಳ ಮೇಲೂ ಹೋಗುತ್ತಿತ್ತು, ಒಂದೆರಡು ಗಿಡಗಳನ್ನು ಬಿಟ್ಟು. ಆ ಗಿಡಗಳ ಬುಡಕ್ಕೆ ಬಾಳೆನಾರಿನ ಗಂಟು ಇರುತ್ತಿತ್ತು. ನಾವು ಮಕ್ಕಳು ಹೂವಿಗೆ ಕೈಹಾಕಿದರೆ ಚಾವಡಿಯಿಂದಲೇ ದನಿ ಬರುತ್ತಿತ್ತು: “ಅದನ್ನು ಮುಟ್ಟಬೇಡಿ, ಬೀಜಕ್ಕೆ ಬಿಟ್ಟದ್ದು.” ಬೀಜಕ್ಕೆ ಬಿಟ್ಟ ಗಿಡ ಯಾವಾಗಲೂ ಅಂಗಳದ ಅತ್ಯಂತ ಚೆಂದದ ಗಿಡವೇ ಆಗಿರುತ್ತಿತ್ತು. ದಂಟು ದಪ್ಪ, ಬಣ್ಣ ಗಾಢ, ಎಸಳು ಹೆಚ್ಚು. ದೇವರ ಪೀಠಕ್ಕೆ ಹೋಗಬೇಕಾದದ್ದು ಆ ಹೂಗಳಲ್ಲವೇ ಎಂದು ನನಗೆ ಆಗ ಅನ್ನಿಸುತ್ತಿತ್ತು. ಒಮ್ಮೆ ಕೇಳಿಯೂ ಇದ್ದೆ. ಅಜ್ಜಿ ಹೇಳಿದ್ದು ಇಷ್ಟೆ: “ಎಲ್ಲ ಕೊಯ್ದ್ರೆ ಬರುವ ವರ್ಷ ದೇವರಿಗೆ ಎಂತ ಇಡುದು?” ಮನೆಯ ಅತಿ ಒಳ್ಳೆಯ ಹೂವನ್ನು ಈ ದಿನದ ಪೂಜೆಗೆ ಕೊಡದೆ ಬರುವ ವರ್ಷದ ಪೂಜೆಗೆ ಎತ್ತಿಡುವುದು. ಭಕ್ತಿಗೆ ಇಷ್ಟು ದೂರದ ದೃಷ್ಟಿ ಇರುತ್ತದೆಂದು ನಾನು ಅರಿತದ್ದು ಆ ಬಾಳೆನಾರಿನ ಗಂಟಿನಿಂದ.

ಬಿತ್ತುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಯೊಳಗೇ ಅದು ಊರಿಂದೂರಿಗೆ ಬೇರೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಇಷ್ಟು ನೀರನ್ನು ಮೈಮೇಲೆ ಹೊತ್ತುಕೊಂಡು ಅರಳುವ ಗಿಡಕ್ಕೆ ಬುಡದಲ್ಲಿ ನೀರು ನಿಂತರೆ ಮಾತ್ರ ಆಗದು. ದಂಟು ಕೊಳೆತು ಬಿದ್ದುಹೋಗುತ್ತದೆ. ಕಾಪುವಿನ ಕಡಲ ಬದಿಯ ಮನೆಗಳಲ್ಲಿ ಹೊಯಿಗೆ ಮಣ್ಣು. ನೀರು ನಿಲ್ಲುವ ಹೆದರಿಕೆಯಿಲ್ಲ, ಆದರೆ ಗೊಬ್ಬರದ ಸಾರವೂ ಮಳೆಯೊಂದಿಗೆ ಇಳಿದುಹೋಗುತ್ತದೆ. ಅಲ್ಲಿಯವರು ಹಟ್ಟಿಗೊಬ್ಬರವನ್ನು ಒಮ್ಮೆಗೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ಹಾಕುತ್ತಾರೆ. ಮಣಿಪಾಲದ ಗುಡ್ಡದ ಮೇಲೆ ಮುರಕಲ್ಲು. ಗುದ್ದಲಿ ಎರಡು ಪೆಟ್ಟಿಗೆ ಕಲ್ಲಿಗೆ ತಾಗುತ್ತದೆ. ಅಲ್ಲಿ ತರಗೆಲೆ, ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ ಕಲ್ಲಿನ ಮೇಲೆಯೇ ಮಣ್ಣು ಏರಿಸಬೇಕು. ಕಾರ್ಕಳದ ಕಡೆ ಕರಿಬಂಡೆಗಳ ನಡುವೆ ಒಳ್ಳೆಯ ಕೆಂಪು ಮಣ್ಣು ಸಿಗುತ್ತದೆ, ಘಟ್ಟದ ಬುಡವಾದ್ದರಿಂದ ಮಳೆಯೂ ಹೆಚ್ಚು. ಅಲ್ಲಿ ಸಾಲು ಮಾಡುವಾಗ ನೀರು ಹರಿದುಹೋಗುವ ದಾರಿಯನ್ನು ಮೊದಲು ತೋಡುತ್ತಾರೆ, ಬೀಜ ಆಮೇಲೆ.

ಮೊದಲ ಮಳೆ ಬಿದ್ದು ನೆಲದ ಕಾವು ಇಳಿದ ಮೇಲೆ, ಜಡಿಮಳೆ ಹಿಡಿಯುವ ಮುಂಚೆ, ನಡುವೆ ಕೆಲವು ದಿನ ಸಿಗುತ್ತವೆ. ಬಿತ್ತುವುದು ಆಗಲೇ. ತೀರ ಮೊದಲೇ ಬಿತ್ತಿದರೆ ಮೇ ತಿಂಗಳ ಬಿಸಿಲಿಗೆ ಮೊಳಕೆ ಸುಡುತ್ತದೆ, ತಡವಾದರೆ ಬೀಜ ಕೊಚ್ಚಿಹೋಗುತ್ತದೆ. ಬೀಜ ಕಂದುಬಣ್ಣದ್ದು, ಸಾಸಿವೆಗಿಂತ ತುಸು ದೊಡ್ಡದು. ಅಂಗೈಯಲ್ಲಿ ಸುಡುಮಣ್ಣಿನೊಂದಿಗೆ ಬೆರೆಸಿ ದಿಣ್ಣೆಯ ಮೇಲೆ ಉದುರಿಸಿ, ಮೇಲೆ ಬೆರಳುಗೆರೆಯಷ್ಟು ಮಣ್ಣು ಮುಚ್ಚಿದರೆ ಸಾಕು. ಹನಿಯ ಪೆಟ್ಟು ತಾಗದಂತೆ ಮೇಲೊಂದು ತೆಂಗಿನ ಮಡಲು. ವಾರದಲ್ಲಿ ಎರಡೆರಡು ಎಲೆಯ ಸಸಿಗಳು ಮೇಲೇಳುತ್ತವೆ. ಆಗ ಅಜ್ಜಿ ಬಗ್ಗಿ ದಂಟು ನೋಡುತ್ತಿದ್ದರು. ದಂಟು ಹಸಿರಾಗಿದ್ದರೆ ಬಿಳಿ ಅಥವಾ ತೆಳುಬಣ್ಣದ ಹೂ, ಕೆಂಪಾಗಿದ್ದರೆ ಕೆಂಪು, ನೇರಳೆ. ಹೂವಿಗೆ ಬಣ್ಣ ಕೊಡುವ ಅಂಶವೇ ದಂಟಿನಲ್ಲೂ ಇರುವುದರಿಂದ ಹೀಗಾಗುತ್ತದೆಂದು ಸಸ್ಯಶಾಸ್ತ್ರ ಹೇಳುತ್ತದೆ. ಅಜ್ಜಿಗೆ ಆ ಶಾಸ್ತ್ರ ಬೇಕಿರಲಿಲ್ಲ. ಬೆರಳುದ್ದದ ಸಸಿಯನ್ನು ನೋಡಿಯೇ ಅವರು ಕೆಂಪನ್ನು ತುಳಸಿಕಟ್ಟೆಯ ಬದಿಗೆ, ಬಿಳಿಯನ್ನು ಬಾವಿಕಟ್ಟೆಯ ಬದಿಗೆ ಬೇರೆ ಮಾಡಿ ನೆಡುತ್ತಿದ್ದರು. ಎರಡು ತಿಂಗಳ ನಂತರ ಅರಳಿದ ಹೂಗಳು ಅವರ ಮಾತನ್ನು ತಪ್ಪಿಸುತ್ತಿದ್ದದ್ದು ಅಪರೂಪ.

ಆಟಿ ತಿಂಗಳ ಮಳೆಯಲ್ಲಿ ಸಸಿಯನ್ನು ಉಳಿಸಿಕೊಳ್ಳುವುದೇ ಕಷ್ಟದ ಕೆಲಸ. ರಾತ್ರಿ ಬಸವನಹುಳುಗಳು ಬರುತ್ತವೆ. ಅಂಗೈಯಗಲದ ಆಫ್ರಿಕದ ಬಸವನಹುಳುವಾದರೆ ಒಂದೇ ರಾತ್ರಿಯಲ್ಲಿ ಸಾಲನ್ನೇ ಮುಗಿಸುತ್ತದೆ. ಟಾರ್ಚ್ ಹಿಡಿದು ಹೆಕ್ಕುವುದು ಬಿಟ್ಟರೆ ನಾನು ಕಂಡ ಒಳ್ಳೆಯ ಉಪಾಯ ಬೇರೆಯಿಲ್ಲ; ಬೂದಿ ಹಾಕಿದರೆ ಒಂದು ಮಳೆಗೆ ತೊಳೆದುಹೋಗುತ್ತದೆ. ಗಿಡ ಮೊಣಕಾಲೆತ್ತರ ಬಂದ ಮೇಲೆ ಇನ್ನೊಂದು ಅತಿಥಿ. ಕಪ್ಪು ಮೈ, ಬದಿಯಲ್ಲಿ ಕಣ್ಣಿನಾಕಾರದ ಹಳದಿ ಚುಕ್ಕೆಗಳ ಸಾಲು, ಬಾಲದಲ್ಲಿ ಆಡುವ ಒಂದು ಕೊಂಬು. ಇದು ಹದ್ದುಪತಂಗದ ಜಾತಿಯ ಹುಳು, ಗೌರಿಹೂವಿನ ಎಲೆ ಇದಕ್ಕೆ ಬಹಳ ಇಷ್ಟ. ನೋಡಿದರೆ ಮಕ್ಕಳು ಕಿರುಚುತ್ತಾರೆ, ಆದರೆ ಅದು ಕಚ್ಚುವುದೂ ಇಲ್ಲ, ತುರಿಸುವುದೂ ಇಲ್ಲ. ಇದನ್ನು ನಾನು ಕೊಲ್ಲುವುದಿಲ್ಲ. ಬೇಲಿಯ ಬದಿಯಲ್ಲಿ ತಾನಾಗಿ ಎದ್ದ ಗಿಡಗಳಿರುತ್ತವೆ, ಅವುಗಳ ಮೇಲೆ ಬಿಡುತ್ತೇನೆ. ಸಂಜೆಗತ್ತಲಲ್ಲಿ ಹೂವಿನೆದುರು ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ಜೇನು ಹೀರುವ ಪತಂಗ ಈ ಹುಳುವಿನಿಂದಲೇ ಬರಬೇಕಲ್ಲ.

ಶ್ರಾವಣ ಕಾಲಿಟ್ಟಿತೆಂದರೆ ಹೂ ತುಂಬುತ್ತದೆ. ಅದೇ ಹೊತ್ತಿಗೆ ಇಡೀ ಉಡುಪಿಗೆ ಹೂ ಬೇಕು. ಕೊಂಕಣಿ ಮನೆಗಳಲ್ಲಿ ಶ್ರಾವಣದ ಶುಕ್ರವಾರ ಮತ್ತು ಭಾನುವಾರಗಳಲ್ಲಿ ಚೂಡಿ ಪೂಜೆ. ಗರಿಕೆ, ರತ್ನಗಂಧಿ, ಅಂಗಳದಲ್ಲಿ ಸಿಕ್ಕ ಸಣ್ಣಪುಟ್ಟ ಹೂಗಳನ್ನೆಲ್ಲ ಬಾಳೆನಾರಿನಲ್ಲಿ ಪುಟ್ಟ ಕಟ್ಟು ಮಾಡಿ ತುಳಸಿಗೆ, ಹೊಸ್ತಿಲಿಗೆ ಇಟ್ಟು ಪೂಜಿಸಿ, ಮನೆಯ ಹಿರಿಯರಿಗೆ ಕೊಟ್ಟು ನಮಸ್ಕರಿಸುತ್ತಾರೆ. ದೂರದೂರಿನಲ್ಲಿರುವ ಹಿರಿಯರಿಗೆ ಚೂಡಿಯನ್ನು ಅಂಚೆಯಲ್ಲಿ ಕಳಿಸುವವರೂ ಇದ್ದಾರೆ. ಕಾರ್ಕಳದ ವೆಂಕಟರಮಣ ದೇವಸ್ಥಾನದ ಸುತ್ತಮುತ್ತ, ಉಡುಪಿಯ ರಥಬೀದಿಯಲ್ಲಿ ಆ ದಿನಗಳಲ್ಲಿ ಚೂಡಿ ಮಾರಾಟಕ್ಕೂ ಬರುತ್ತದೆ. ಸೋಣ ತಿಂಗಳಿಡೀ ಹೊಸ್ತಿಲಿಗೆ ಹೂವಿಟ್ಟು ಪೂಜಿಸುವ ಕ್ರಮ ಎಷ್ಟೋ ಮನೆಗಳಲ್ಲಿದೆ. ಆಮೇಲೆ ಕೃಷ್ಣಾಷ್ಟಮಿ, ಮರುದಿನ ವಿಟ್ಲಪಿಂಡಿ, ಹಿಂದುಮುಂದಾಗಿ ಚೌತಿ.

ನಮ್ಮ ಮನೆಯ ಗೌರಿಹೂ ಇನ್ನೊಂದು ಕಡೆಗೂ ಹೋಗುತ್ತದೆ. ಸೆಪ್ಟೆಂಬರ್ 8 ಕ್ರೈಸ್ತರಿಗೆ ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟಿದ ದಿನ ಮತ್ತು ಹೊಸ ತೆನೆಯ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ತಂದು ಇಗರ್ಜಿಯಲ್ಲಿ ಬಾಲ ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಆಗ ನೆರೆಮನೆಯ ಬಾಯಮ್ಮನ ಮೊಮ್ಮಕ್ಕಳು ಬೆಳಿಗ್ಗೆ ಬೇಗ ನಮ್ಮ ಗೇಟು ತೆರೆಯುತ್ತಾರೆ. ಅಮ್ಮ ಒಳಗಿಂದಲೇ ಹೇಳುತ್ತಾರೆ: “ಕೊಯ್ಕೊಳ್ಳಿ ಮಕ್ಕಳೇ, ನಾರು ಕಟ್ಟಿದ್ದು ಒಂದು ಬಿಡಿ.” ಆ ಮಕ್ಕಳಿಗೂ ಈಗ ಹೇಳಿಸಿಕೊಳ್ಳುವ ಅಗತ್ಯವಿಲ್ಲ. ಒಂದೇ ಸಾಲಿನ ಹೂ ಬೆಳಿಗ್ಗೆ ಇಗರ್ಜಿಗೂ ಹೋಗಿ, ಹೊಸ್ತಿಲಿಗೂ ಬಂದು, ದೇವರ ಕೋಣೆಗೂ ಸಲ್ಲುವ ಇಂಥ ಮಳೆಗಾಲವನ್ನು ಬಿತ್ತಿ ಪಡೆಯಬಹುದು ಎಂಬುದು ನನಗೆ ದೊಡ್ಡ ಸಂಗತಿ.

ಉಡುಪಿಯ ಹೂವೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮಲ್ಲಿಗೆ. 2008ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಉಡುಪಿ ಮಲ್ಲಿಗೆ ಶಂಕರಪುರದ ಅಂಗಳಗಳಲ್ಲಿ ಬೆಳೆದು ಮುಂಬಯಿಯವರೆಗೆ ಹೋಗುತ್ತದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿ ಮಾರಿಪೂಜೆ ಬಂದಾಗ ಅಟ್ಟೆಯ ಬೆಲೆ ಏರುವುದನ್ನು ನಾವೆಲ್ಲ ನೋಡುತ್ತ ಬಂದಿದ್ದೇವೆ. ಆ ಗಿಡವನ್ನು ಬೀಜದಿಂದ ಬೆಳೆಸುವುದಿಲ್ಲ. ಗೆಲ್ಲಿಗೆ ಬೇರು ಬರಿಸಿ ನೆಡುತ್ತಾರೆ. ಹಾಗಾಗಿ ಒಂದು ಮನೆಯ ಮಲ್ಲಿಗೆಯ ಗುಣವೇ ಇನ್ನೊಂದು ಮನೆಗೂ ಹೋಗುತ್ತದೆ. ಮೊಗ್ಗನ್ನು ಬಿರಿಯುವ ಮೊದಲೇ ಕೊಯ್ಯಬೇಕು, ಒಂದನ್ನೂ ಬಿಡಬಾರದು. ಬಿಟ್ಟರೆ ಆ ದಿನದ ದುಡಿಮೆ ಅಷ್ಟು ಕಡಿಮೆ. ಎಷ್ಟೋ ಸಂಸಾರಗಳನ್ನು ಸಾಕಿದ, ಎಷ್ಟೋ ಮಕ್ಕಳ ಶಾಲೆಯ ಖರ್ಚು ತೂಗಿಸಿದ ಹೂವಿನ ನಿಯಮ ಅದು, ಅದನ್ನು ಗೌರವಿಸುತ್ತೇನೆ. ಬೀಜದ ಹೂವಿನ ನಿಯಮ ಬೇರೆ. ಅಲ್ಲಿ ಬಿಡುವುದೇ ಬೇಸಾಯ.

ಬೆಂಗಳೂರಿನಲ್ಲಿರುವ ಚಿಕ್ಕಮ್ಮನೂ ಬೀಜದಿಂದಲೇ ಹೂ ಬೆಳೆಸುತ್ತಾರೆ, ಅವರದು ಪ್ಯಾನ್ಸಿ. ಸೆಪ್ಟೆಂಬರ್ ಕೊನೆಯಲ್ಲಿ ಟ್ರೇಗಳಲ್ಲಿ ಬೀಜ ಉದುರಿಸಿ, ಮಣ್ಣು ಮುಚ್ಚಿ, ಬೆಳಕು ತಾಗದಂತೆ ಕಪ್ಪು ಹಾಳೆ ಹೊದಿಸಿ ಕೋಣೆಯ ತಂಪಾದ ಮೂಲೆಯಲ್ಲಿಡುತ್ತಾರೆ. ಪ್ಯಾನ್ಸಿಯ ಬೀಜಕ್ಕೆ ಕತ್ತಲು ಬೇಕು, 18ರಿಂದ 21 ಡಿಗ್ರಿಯ ತಂಪು ಬೇಕು. ಮೊಳೆಯಲು ಹತ್ತರಿಂದ ಹದಿನಾಲ್ಕು ದಿನ. ಜನವರಿಯಲ್ಲಿ, ಲಾಲ್‌ಬಾಗಿನ ಗಣರಾಜ್ಯೋತ್ಸವದ ಪ್ರದರ್ಶನ ನಡೆಯುವ ಹೊತ್ತಿಗೆ, ಅವರ ತಾರಸಿಯಲ್ಲೂ ಹಳದಿ, ನೇರಳೆ, ಕಡುಗೆಂಪು ಮುಖಗಳು ಸಾಲಾಗಿ ಅರಳಿರುತ್ತವೆ. ನಾನು ಆ ಹೂಗಳ ಮುಂದೆ ಕೂತು ಮನಸಾರೆ ನೋಡಿದ್ದೇನೆ. ಉಡುಪಿಯಲ್ಲಿ ಅದನ್ನು ಬಯಸುವುದಿಲ್ಲ. ನಮ್ಮ ಜನವರಿಯ ಹಗಲು 30 ಡಿಗ್ರಿ ದಾಟುತ್ತದೆ, ರಾತ್ರಿಯೂ 20ರ ಆಸುಪಾಸಿನಲ್ಲೇ ಇರುತ್ತದೆ. ತಂಪಿನಲ್ಲಿ ಬಾಳಬೇಕಾದ ಗಿಡವನ್ನು ಈ ಸೆಕೆಯಲ್ಲಿ ತಂದು ಕೂರಿಸಿದರೆ ಅದು ಉದ್ದಕ್ಕೆ ಎಳೆದುಕೊಂಡು ಬಾಡುತ್ತದೆ.

ಆದರೆ ಪ್ಯಾನ್ಸಿಯ ಕತೆಯಲ್ಲಿ ನನಗೆ ಬೇಕಾದದ್ದೊಂದು ಇದೆ. ಈ ಹೂ ಹೀಗೆಯೇ ಕಾಡಿನಲ್ಲಿ ಇರಲಿಲ್ಲ. 1810ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಲೇಡಿ ಮೇರಿ ಬೆನೆಟ್ ಎಂಬಾಕೆ ತನ್ನ ತೋಟಗಾರ ರಿಚರ್ಡ್‌ಸನ್ನನ ಜೊತೆ ಹೊಲದ ಬದಿಯ ಸಣ್ಣ ವಯೋಲಾ ಹೂಗಳನ್ನು ತಂದು ಬೆಳೆಸತೊಡಗಿದಳು. ಅದೇ ಕಾಲಕ್ಕೆ ಐವರ್ ಎಂಬ ಊರಿನಲ್ಲಿ ಲಾರ್ಡ್ ಗ್ಯಾಂಬಿಯರನ ತೋಟಗಾರ ವಿಲಿಯಂ ಥಾಂಪ್ಸನ್ ಕೂಡ ಇದನ್ನೇ ಮಾಡುತ್ತಿದ್ದ. ಬೇರೆ ಬೇರೆ ವಯೋಲಾಗಳು ಬೆರೆತವು. ಪ್ರತಿ ವರ್ಷ ತುಸು ದೊಡ್ಡ, ತುಸು ದುಂಡನೆಯ ಹೂ ಬಿಟ್ಟ ಗಿಡವನ್ನು ಆರಿಸಿ ಅದರ ಬೀಜವನ್ನು ಇಡುತ್ತ ಹೋದರು. 1839ರಲ್ಲಿ, ಆರೈಕೆ ತಪ್ಪಿಹೋಗಿದ್ದ ಒಂದು ಮೂಲೆಯಲ್ಲಿ, ಥಾಂಪ್ಸನ್ನನ ಕಣ್ಣಿಗೆ ತಾನಾಗಿ ಹುಟ್ಟಿದ ಒಂದು ಗಿಡ ಬಿತ್ತು. ಅದರ ಹೂವಿನ ನಡುವೆ ಹಳೆಯ ಕಪ್ಪು ಗೆರೆಗಳ ಬದಲು ಒಂದು ದೊಡ್ಡ ಮಚ್ಚೆ, ನೋಡಿದರೆ ಪುಟ್ಟ ಬೆಕ್ಕಿನ ಮುಖ. ಆತ ಅದಕ್ಕೆ ಮೆಡೋರಾ ಎಂದು ಹೆಸರಿಟ್ಟು ಬೀಜಕ್ಕೆ ಬಿಟ್ಟ. ಇಂದು ಜಗತ್ತಿನೆಲ್ಲೆಡೆ ಜನ ಪ್ಯಾನ್ಸಿಯ ಮುಖ ನೋಡಿ ನಗುವುದು ಆ ಆಯ್ಕೆಯಿಂದ. ಮುಂದೆ ಈ ಹೂವಿನ ಇತಿಹಾಸವನ್ನು ಬರೆದಿಟ್ಟ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ವಿಟ್ರಾಕನ ಹೆಸರನ್ನೇ ಸಸ್ಯಶಾಸ್ತ್ರ ಇದಕ್ಕೆ ಕೊಟ್ಟಿತು. ನನ್ನ ಅಜ್ಜಿ ಐವರ್ ಎಂಬ ಊರಿನ ಹೆಸರು ಕೇಳಿದವರಲ್ಲ. ಆದರೂ ಥಾಂಪ್ಸನ್ ಮಾಡಿದ ಕೆಲಸವನ್ನು ನೋಡಿದ್ದರೆ ಅವರಿಗೆ ಅದು ಪೂರ್ತಿ ಅರ್ಥವಾಗುತ್ತಿತ್ತು.

ಚಿಕ್ಕಮ್ಮ ಕೊಳ್ಳುವ ಪೊಟ್ಟಣದ ಬೀಜ ಎಫ್1 ಹೈಬ್ರಿಡ್. ಹೂ ದೊಡ್ಡದು, ಎಲ್ಲವೂ ಒಂದೇ ಅಳತೆ. ಆದರೆ ಅದರಿಂದ ಬೀಜ ಹಿಡಿದು ಬಿತ್ತಿದರೆ ತಾಯಿಗಿಡದ ಹೂ ಹಾಗೆಯೇ ಮರಳಿ ಬರುವುದಿಲ್ಲ. ಪ್ರತಿ ವರ್ಷ ಹೊಸ ಪೊಟ್ಟಣವನ್ನೇ ತರಬೇಕು. ನಾಟಿ ಗೌರಿಹೂವಿನಲ್ಲಿ ಆ ಕಟ್ಟುಪಾಡಿಲ್ಲ, ಅಲ್ಲಿ ಬೇರೊಂದು ಸೊಗಸು ಇದೆ. ಹೊಸದಾಗಿ ಅರಳಿದ ಹೂವಿನ ನಡುವೆ ಬಿಳಿಯ ಪುಟ್ಟ ಟೊಪ್ಪಿಯೊಂದು ಕಾಣುತ್ತದೆ. ಅದು ಪರಾಗದ ಚೀಲಗಳು ಕೂಡಿ ಆದದ್ದು. ಕೆಲವು ದಿನದಲ್ಲಿ ಟೊಪ್ಪಿ ಕಳಚಿ ಬೀಳುತ್ತದೆ, ಅದರ ಅಡಿಯಲ್ಲಿ ಅಡಗಿದ್ದ ಶಲಾಕಾಗ್ರ ಆಗ ತೆರೆದುಕೊಳ್ಳುತ್ತದೆ. ತನ್ನ ಪರಾಗ ಉದುರಿದ ಮೇಲೆ ಹೂ ಇನ್ನೊಂದು ಹೂವಿನ ಪರಾಗಕ್ಕೆ ಕಾಯುತ್ತದೆ. ಜೇನುನೊಣ ಕೆಂಪಿನಿಂದ ಬಿಳಿಗೆ, ಬಿಳಿಯಿಂದ ನೇರಳೆಗೆ ಹೋಗಿಬರುತ್ತದೆ. ಆದ್ದರಿಂದ ಬರುವ ವರ್ಷ ಅಂಗಳದಲ್ಲಿ ಯಾರೂ ಬಿತ್ತದ ಬಣ್ಣವೊಂದು, ಬಿಳಿಯ ಮೇಲೆ ಗುಲಾಬಿ ಸಿಂಪಡಿಸಿದ ಹೂವೊಂದು ತಲೆ ಎತ್ತುತ್ತದೆ. ಅದನ್ನು ಕಂಡ ದಿನ ಮನೆಯವರನ್ನೆಲ್ಲ ಕರೆದು ತೋರಿಸದೆ ನನಗೆ ಸಮಾಧಾನವಿಲ್ಲ.

ಪ್ಯಾನ್ಸಿಗೆ ನಮ್ಮಲ್ಲೇ ಒಬ್ಬ ನೆಂಟನಿದ್ದಾನೆ. ಗದ್ದೆಯ ಹುಣಿಯಲ್ಲಿ, ಮುರಕಲ್ಲಿನ ಬಯಲಿನ ಹುಲ್ಲಿನ ನಡುವೆ ಗೇಣುದ್ದದ ಗಿಡ. ತೆಳು ನೇರಳೆ ಮಿಶ್ರಿತ ಗುಲಾಬಿ ಬಣ್ಣದ ಒಂದೇ ಒಂದು ಅಗಲ ಎಸಳು ಕಾಣುತ್ತದೆ, ಉಳಿದ ನಾಲ್ಕು ಹುಡುಕಿದರೆ ಮಾತ್ರ. ಇದು ಪುರುಷರತ್ನ, ಪ್ಯಾನ್ಸಿಯ ಕುಟುಂಬಕ್ಕೇ ಸೇರಿದ್ದು. ಕಾಯಿ ಒಣಗಿದಾಗ ಮೂರು ಹೋಳಾಗಿ ಬಿರಿಯುವುದು ಎರಡರಲ್ಲೂ ಒಂದೇ. ಗೌರಿಹೂವಿಗಂತೂ ನೆಂಟರು ಹೇರಳ. ಪಶ್ಚಿಮ ಘಟ್ಟದಲ್ಲಿ ಅದರ ಕುಲದ ನೂರರ ಸುಮಾರು ಬಗೆಗಳಿವೆ, ಬಹುಪಾಲು ಬೇರೆಲ್ಲೂ ಇಲ್ಲದವು. ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತುವಾಗ ನೀರಿಳಿಯುವ ಬಂಡೆಗಳ ಮೇಲೆ ಗುಲಾಬಿ ಬಣ್ಣ ಹರಡಿಕೊಂಡಿರುವುದು ಅವರಿಂದಲೇ. ಇಂಥ ಗಿಡಗಳನ್ನು ನಮ್ಮ ಜಿಲ್ಲೆಯಲ್ಲಿ ಊರೂರು ಅಲೆದು ದಾಖಲಿಸಿದವರು ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪಾಠ ಹೇಳಿದ ಕೆ. ಗೋಪಾಲಕೃಷ್ಣ ಭಟ್ಟರು. 2003ರಲ್ಲಿ ಬಂದ ಅವರ ‘ಫ್ಲೋರಾ ಆಫ್ ಉಡುಪಿ’ಯನ್ನು ತೆರೆದರೆ ದಿನಾ ತುಳಿದು ನಡೆಯುವ ನೆಲದ ಮೇಲೆ ಎಷ್ಟು ಜೀವಗಳಿವೆಯೆಂದು ತಿಳಿದು ಕಾಲು ತಾನಾಗಿ ನಿಧಾನವಾಗುತ್ತದೆ.

ಬೀಜ ಹಿಡಿಯುವುದು ಸೆಪ್ಟೆಂಬರ್ ಕೊನೆಯ ಕೆಲಸ. ಗೌರಿಹೂವಿನ ಕಾಯಿ ಬಲಿತು ಹಸಿರು ಹಳದಿಗೆ ತಿರುಗುವಾಗ ಅದನ್ನು ಮುಟ್ಟಿದರೆ ಸಾಕು, ಐದು ಹೋಳುಗಳು ಥಟ್ಟನೆ ಸುರುಳಿ ಸುತ್ತಿಕೊಂಡು ಬೀಜ ಸಿಡಿಯುತ್ತದೆ. ಆದ್ದರಿಂದ ಕಾಯಿಯನ್ನು ಮೊದಲು ಪೂರ್ತಿಯಾಗಿ ಅಂಗೈಯೊಳಗೆ ಮುಚ್ಚಿಕೊಂಡು ಆಮೇಲೆ ಅದುಮಬೇಕು. ಮಕ್ಕಳಿಗೆ ಇದಕ್ಕಿಂತ ಇಷ್ಟದ ಕೆಲಸ ಇಲ್ಲ. ಅವರಿಗೆ ನಾನು ಕೊಡುವ ಇನ್ನೊಂದು ಸಂಭ್ರಮ ಉದುರಿದ ಕೆಂಪು ಹೂಗಳದ್ದು. ಮದರಂಗಿಯ ಕೆಂಪಿಗೆ ಕಾರಣವಾದ ಅಂಶ ಗೌರಿಹೂವಿನಲ್ಲೂ ಇದೆ. ಅರೆದು ಉಗುರಿಗೆ ಕಟ್ಟಿದರೆ ಬೆಳಿಗ್ಗೆಗೆ ಕೇಸರಿ ಬಣ್ಣ ಹಿಡಿದಿರುತ್ತದೆ. ಕೊರಿಯದ ಹುಡುಗಿಯರು ಬೇಸಿಗೆಯಲ್ಲಿ ಇದೇ ಹೂವಿನಿಂದ ಉಗುರಿಗೆ ಬಣ್ಣ ಹಾಕಿಕೊಳ್ಳುತ್ತಾರೆ. ಮೊದಲ ಹಿಮ ಬೀಳುವವರೆಗೆ ಆ ಬಣ್ಣ ಉಳಿದರೆ ಮೊದಲ ಪ್ರೀತಿ ಕೈಗೂಡುತ್ತದೆಂಬ ನಂಬಿಕೆ ಅಲ್ಲಿದೆ. ನಮ್ಮ ಹುಡುಗಿಯರಿಗೆ ಹಿಮದ ಕಾಯುವಿಕೆ ಇಲ್ಲ, ನವರಾತ್ರಿಯವರೆಗೆ ಉಳಿದರೆ ತೃಪ್ತಿ.

ಹಿಡಿದ ಬೀಜವನ್ನು ಒಣಗಿಸುವುದಕ್ಕೆ ತಾಳ್ಮೆ ಬೇಕು, ಏಕೆಂದರೆ ಮಳೆ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಹಿಂದೆ ಸೌತೆಬೀಜವನ್ನು ಬೂದಿಯಲ್ಲಿ ಬೆರೆಸಿ ಅಡುಗೆಮನೆಯ ಗೋಡೆಗೆ ಅಂಟಿಸುತ್ತಿದ್ದರು, ಬೀಜದ ಭತ್ತವನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. ಹೂವಿನ ಬೀಜಕ್ಕೆ ಒಲೆಯ ಮೇಲಿನ ಅಟ್ಟ, ಹಳೆಯ ಪಂಚಾಂಗದ ಹಾಳೆ. ಈಗ ಒಲೆಯಿಲ್ಲ, ಅಟ್ಟವೂ ಇಲ್ಲ. ನಾನು ನೆರಳಿನಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ, ಚಿಟಿಕೆ ಬೂದಿ ಸೇರಿಸಿ, ಕಾಗದದ ಪೊಟ್ಟಣ ಕಟ್ಟಿ ಗಾಜಿನ ಭರಣಿಯೊಳಗೆ ಇಡುತ್ತೇನೆ. ಪೊಟ್ಟಣದ ಮೇಲೆ ಬಣ್ಣ, ವರ್ಷ, ಯಾರ ಮನೆಯಿಂದ ಬಂದದ್ದು ಎಂದು ಬರೆದಿರುತ್ತದೆ. ಆ ಭರಣಿಯನ್ನು ತೆರೆದರೆ ನೆಂಟರಿಷ್ಟರ, ನೆರೆಹೊರೆಯವರ ಪಟ್ಟಿಯೇ ಓದಲು ಸಿಗುತ್ತದೆ.

ಒಂದು ಊರು ಬೀಜವನ್ನು ಕಾಯಲು ನಿಂತರೆ ಏನಾಗುತ್ತದೆಂಬುದನ್ನು ನೋಡಲು ನಾವು ದೂರ ಹೋಗಬೇಕಿಲ್ಲ. ಕಟಪಾಡಿಯಿಂದ ಕಡಲ ಕಡೆಗೆ ಹೊರಟರೆ ಮಟ್ಟು ಸಿಗುತ್ತದೆ. ಸೋದೆ ಮಠದ ವಾದಿರಾಜರು ಕೊಟ್ಟ ಬೀಜದಿಂದ ಬಂದದ್ದೆಂದು ಜನ ನಂಬುವ ದುಂಡನೆಯ, ತಿಳಿಹಸಿರು ಗುಳ್ಳವನ್ನು ಆ ಊರಿನವರು ತಲೆತಲಾಂತರದಿಂದ ಬೆಳೆದು, ಮೊದಲ ಫಸಲನ್ನು ಕೃಷ್ಣಮಠಕ್ಕೆ ಒಪ್ಪಿಸುತ್ತ ಬಂದಿದ್ದಾರೆ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿಕೆ ಬಂದಾಗ ಅದರ ಹಿಂದೆ ಇದ್ದದ್ದು ಒಳ್ಳೆಯ ಕಾಯಿಯನ್ನು ಕೊಯ್ಯದೆ ಬೀಜಕ್ಕೆ ಬಿಡುತ್ತ ಬಂದ ಎಷ್ಟೋ ತಲೆಮಾರುಗಳ ರೈತರು. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಪರ್ಯಾಯಕ್ಕೂ ಒಂದು ವರ್ಷ ಮುಂಚೆಯೇ ಬಾಳೆ ಮುಹೂರ್ತವಾಗುತ್ತದೆ. ಬಾಳೆಗಿಡ ನೆಡುವುದರಿಂದ ದೊಡ್ಡ ಉತ್ಸವದ ಸಿದ್ಧತೆ ತೊಡಗುವ ಊರು ನಮ್ಮದು. ಮುಂದಿನ ವರ್ಷದ ಊಟಕ್ಕೆ, ಮುಂದಿನ ವರ್ಷದ ಪೂಜೆಗೆ ಇಂದೇ ನೆಲಕ್ಕೆ ಕೈಹಚ್ಚುವುದು ನಮಗೆ ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ.

ಹಾಗಿದ್ದರೂ ಅಂಗಳಗಳು ಬದಲಾಗುತ್ತಿವೆ. ಸಗಣಿ ಸಾರಿಸುತ್ತಿದ್ದ ನೆಲದ ಮೇಲೆ ಇಂಟರ್‌ಲಾಕ್ ಕೂತಿದೆ. ಮೊದಲು ಸಿಡಿದ ಬೀಜ ಅಂಗಳದ ಅಂಚಿನಲ್ಲಿ ಬಿದ್ದು, ಯಾರ ಕೈಯೂ ತಾಗದೆ ಮುಂದಿನ ಜೂನ್‌ನಲ್ಲಿ ತಾನಾಗಿ ಏಳುತ್ತಿತ್ತು. ಈಗ ಅದಕ್ಕೆ ಬೀಳಲು ಮಣ್ಣಿಲ್ಲ. ದೊಡ್ಡಣಗುಡ್ಡೆಯ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಅರಳಿದ ಕುಂಡಗಳನ್ನು ಕೊಂಡು ತರುತ್ತಾರೆ. ಅದು ಒಳ್ಳೆಯದೇ, ಮನೆಗೆ ಹೂ ಬಂದರೆ ಸಾಕು. ಆದರೆ ಅರಳಿದ ಕುಂಡ ತಂದ ಮನೆಗೆ ಬೀಜ ಕೇಳಿಕೊಂಡು ಯಾರೂ ಬರುವುದಿಲ್ಲ. ಒಂದು ಹೂ ಊರಿನಲ್ಲಿ ಉಳಿಯುವುದು ಒಂದೇ ಅಂಗಳದ ಬಲದಿಂದ ಅಲ್ಲ. ಕೆಲವು ವರ್ಷದ ಹಿಂದೆ ಆಟಿಯ ಮಳೆ ಬಿಡದೆ ಹೊಡೆದು ನಮ್ಮ ಸಾಲು ಪೂರ್ತಿ ಕೊಳೆತುಹೋಯಿತು. ಬೀಜಕ್ಕೆ ಬಿಡಲು ಒಂದು ಗಿಡವೂ ಉಳಿಯಲಿಲ್ಲ. ಅಜ್ಜಿಯ ಕಾಲದ ಆ ಕಡುನೇರಳೆ ಬಣ್ಣ ನಮ್ಮ ಕೈತಪ್ಪಿತೆಂದೇ ತಿಳಿದಿದ್ದೆವು. ಮುಂದಿನ ಪತ್ತನಾಜೆಯ ಹೊತ್ತಿಗೆ ಬಾಯಮ್ಮ ಬಂದು ಪೊಟ್ಟಣವೊಂದನ್ನು ಅಮ್ಮನ ಕೈಯಲ್ಲಿಟ್ಟರು. “ನಿಮ್ಮದೇ ಬೀಜ ಅಲ್ವಾ ಅಮ್ಮ, ನಾನು ಇಟ್ಟಿದ್ದೆ.” ನಾವು ಯಾವಾಗಲೋ ಕೊಟ್ಟದ್ದು ಅವರ ಅಂಗಳದಲ್ಲಿ ಬೆಳೆದು, ಅವರ ಕೈಯಲ್ಲಿ ಒಣಗಿ ನಮಗೆ ಮರಳಿತ್ತು. ಬೀಜ ಕೇಳಿದವರಿಗೆ ಇಲ್ಲವೆನ್ನಬಾರದು ಎಂದು ಅಜ್ಜಿ ಹೇಳುತ್ತಿದ್ದದ್ದರ ಹಿಂದಿನ ಕಾರಣ ನನಗೆ ಆ ದಿನ ಪೂರ್ತಿ ತಿಳಿಯಿತು. ಕೊಟ್ಟ ಬೀಜಕ್ಕೆ ಇನ್ನೊಂದು ಮನೆ ಕಾವಲಾಗುತ್ತದೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಅಂಗಳ ಇಲ್ಲದಿದ್ದರೆ ಚಿಂತೆಯಿಲ್ಲ, ಫ್ಲ್ಯಾಟಿನ ಬಾಲ್ಕನಿಯ ಒಂದು ಕುಂಡವೂ ಗೌರಿಹೂವಿಗೆ ಸಾಕು. ಈ ಮಳೆಗಾಲದಲ್ಲಿ ಪರಿಚಯದ ಯಾರನ್ನಾದರೂ ಕೇಳಿ ಒಂದು ಚಿಟಿಕೆ ಬೀಜ ತನ್ನಿ. ಹೂ ಬಿಟ್ಟ ಮೇಲೆ ಪೂಜೆಗೆ, ಮುಡಿಗೆ, ಮಕ್ಕಳ ತಟ್ಟೆಗೆ ಮನಸ್ಸು ತುಂಬುವಷ್ಟು ಕೊಯ್ಯಿರಿ. ಚೌತಿಗೆ ಮೊದಲೇ ಎಲ್ಲಕ್ಕಿಂತ ಚೆಂದದ ಗಿಡವನ್ನು ಗುರುತಿಸಿ ಅದಕ್ಕೊಂದು ನಾರು ಕಟ್ಟಿ, ಅದರ ಹೂವನ್ನು ಯಾರಿಗೂ ಕೊಡಬೇಡಿ, ದೇವರಿಗೂ. ಬೀಜ ಒಣಗಿದ ಮೇಲೆ ಪೊಟ್ಟಣ ಒಂದೇ ಕಟ್ಟಬೇಡಿ. ಎರಡು ಕಟ್ಟಿ, ಎರಡನೆಯದರ ಮೇಲೆ ಇನ್ನೊಂದು ಮನೆಯ ಹೆಸರು ಬರೆಯಿರಿ.